ಅರ್ಜೆಂಟ್: ವರ್ಕ್‌ಹೌಸ್, ರಿಲೀವಿಂಗ್ ಆಫೀಸರ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಾಳೆ ಬೆಳಗ್ಗೆ ನನ್ನ ಅನುವಾದದ ಪ್ರೂಫ್ ವಾಪಸ್ ಕೊಡ್ಬೇಕು, ಮೂರ್ನಾಲ್ಕು ಪದ ಇನ್ನೂ ಕೂತಿಲ್ಲ. 1910ರ ಆಸುಪಾಸಿನ ಐರ್ಲೆಂಡ್, ಮೇಯೋ ಕೌಂಟಿಯ ಹಳ್ಳಿ. ಹೆಂಗಸೊಬ್ಬಳು ಗಂಡನಿಗೆ ಜ್ವರ ಅಂತ ರಿಲೀವಿಂಗ್ ಆಫೀಸರ್ (ಬಡವರಿಗೆ ನೆರವು ಕೊಡಿಸೋ ಅಧಿಕಾರಿ) ಹತ್ರ ಓಡಿ ಕೆಂಪು ಟಿಕೆಟ್ ಇಸ್ಕೊಂಡು ಡಾಕ್ಟರಿಗೆ ಕೊಡ್ತಾಳೆ, ಮನೇಲಿ ಅತ್ತೆ ವರ್ಕ್‌ಹೌಸಿಗೆ (ಗತಿಯಿಲ್ಲದ ಬಡವರನ್ನ ಇಡೋ ಜಾಗ) ಮಾತ್ರ ಕಳಿಸಬೇಡಿ ಅಂತ ಅಳ್ತಿರ್ತಾಳೆ. ರಿಲೀವಿಂಗ್‌ಗೆ ಡಿಕ್ಷನರೀಲಿ "ವಿಮೋಚನೆ" ಅಂತಿದೆ, ಹಾಗೆ ಬರೆದ್ರೆ ಜೈಲಿಂದ ಬಿಡಿಸೋನು ಅನ್ಸುತ್ತೆ. ವರ್ಕ್‌ಹೌಸ್ ನಡೆಸೋ ಬೋರ್ಡ್ ಆಫ್ ಗಾರ್ಡಿಯನ್ಸ್, ಯೂನಿಯನ್ ಇವಕ್ಕೂ ಬೇಕು.

---

ವರ್ಕ್‌ಹೌಸ್ ಕಾಯಕಮನೆ. ರಿಲೀವಿಂಗ್ ಆಫೀಸರ್ ನೆರವಾಳು. ಗಾರ್ಡಿಯನ್ ಕಾಪಿಗ, ಕಾಪು, ಕಾವಲು, ಕಾಯೋದು ಎಲ್ಲ ಒಂದೇ ಬೇರು. ಯೂನಿಯನ್ ಒಕ್ಕೂಟ. ಟಿಕೆಟ್ಟಿಗೆ ಓಲೆ ಅನ್ನಿ, ಚೀಟಿ ಬೇಡ, ಅದು ಹಿಂದಿಯ ಚಿಟ್ಠಿ. ನಮ್ಮಲ್ಲಿ ಪದ ಇರುವಾಗ ಸಾಲ ಯಾಕೆ?

---

> ವರ್ಕ್‌ಹೌಸ್ ಕಾಯಕಮನೆ

ಖಂಡಿತ ಬೇಡ. ಮೊದಲು "ಕಾಯ" ಸಂಸ್ಕೃತ, ನಿಮ್ಮ ಲೆಕ್ಕದಲ್ಲೇ ಅದು ಸಾಲ. ಅದಕ್ಕಿಂತ ಮುಖ್ಯ, ಶರಣರು ಕೈಲಾಸ ಅಂದ ಪದಾನ ಜನ ಹೆದರಿ ಸಾಯ್ತಿದ್ದ ಜಾಗಕ್ಕೆ ಹಾಕ್ತೀರಾ? 1838ರ ಬಡವರ ನೆರವಿನ ಕಾನೂನಿಂದ ಕಟ್ಟಿದ್ದು ಅವು. ಒಳಗೆ ಹೋದ ಕೂಡ್ಲೇ ಗಂಡ ಒಂದು ಕಡೆ, ಹೆಂಡ್ತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. 1847ರವರೆಗೆ ನೆರವು ಬೇಕಂದ್ರೆ ಒಳಗೇ ಹೋಗ್ಬೇಕಿತ್ತು, ಆಮೇಲೆ ಹೊರಗೂ ಕೊಡೋಕೆ ಶುರು ಮಾಡಿದಾಗ ಕಾಲೆಕರೆಗಿಂತ ಜಾಸ್ತಿ ನೆಲ ಇದ್ದೋರಿಗೆ ಅದೂ ಇಲ್ಲ ಅಂದ್ರು. ಇವರ ಕಥೆ ನಡೆಯೋ ಕಾಲಕ್ಕೆ ಒಳಗಿದ್ದೋರು ಹೆಚ್ಚಾಗಿ ಮುದುಕ್ರು, ರೋಗಿಗಳು, ಮದ್ವೆ ಇಲ್ದೆ ಬಸುರಾದ ಹೆಣ್ಮಕ್ಳು, ತಬ್ಬಲಿ ಮಕ್ಕಳು, ಇದ್ರಲ್ಲಿ ವರ್ಕ್ ಎಲ್ಲಿದೆ? 1906ರಲ್ಲಿ ಸರ್ಕಾರದ ಆಯೋಗವೇ ಇವನ್ನ ಮುಚ್ಚಿ ಅಂತು. ಐರಿಷ್ ಭಾಷೇಲಿ ಇದರ ಹೆಸರೇ "ಬಡವರ ಮನೆ". ಅದನ್ನೇ ಇಡಿ ಮೇಡಂ.

ಯೂನಿಯನ್ ಅಂದ್ರೆ ಸಂಘ, ಒಕ್ಕೂಟ ಏನೂ ಅಲ್ಲ, ಒಂದು ವರ್ಕ್‌ಹೌಸಿಗೆ ಸೇರಿದ ಸುತ್ತಲಿನ ಊರುಗಳು, ಅಲ್ಲಿನ ಜಮೀನು ಮನೆಗಳ ಮೇಲೆ ಹಾಕಿದ ತೆರಿಗೆಯಿಂದಲೇ ಹೆಚ್ಚಿನ ಖರ್ಚು. "ತಾಲೂಕು" ಹತ್ರ ಬರುತ್ತೆ.

---

ತಾಲೂಕು ಅರಬ್ಬಿ.

---

ಇರ್ಲಿ ಬಿಡ್ರಿ. ನಮ್ಮ ಕಡೆ ದವಾಖಾನಿ ಅಂತೀವಿ, ಅರ್ಧ ಅರಬ್ಬಿ ಅರ್ಧ ಪಾರ್ಸಿ, ನಮ್ಮ ಅವ್ವ ಬ್ಯಾರೆ ಪದಾ ಬಳಸಿದ್ದು ನಾ ಕೇಳಿಲ್ಲ. ಆ ಚೀಟಿಗೆ ಓಲೆ ಅಂದ್ರ ಪ್ರೇಮಪತ್ರ ಆಗ್ತದ. ಇಂಗ್ಲಿಷಿನವ್ರೇ ಚಿಟ್ ಅನ್ನೂದನ್ನ ಚಿಟ್ಠಿಯಿಂದ ತಗೊಂಡಾರ, ಅವರ ಭಾಷಾ ಸತ್ತಿಲ್ಲ.

ಮತ್ತ ಕೆಂಪು ಅನ್ನೂದು ಬಿಡಬ್ಯಾಡ್ರಿ. ಅಲ್ಲೆ ಎರಡು ನಮೂನಿ ಚೀಟಿ ಇದ್ವು: ಕರೀದು ತಗೊಂಡು ರೋಗಿನೇ ದವಾಖಾನಿಗೆ ಹೋಗಬೇಕು, ಕೆಂಪು ಇದ್ರ ಡಾಕ್ಟರ್ ಮನಿಗೆ ಬರಬೇಕು. 1851ರಿಂದ ಬಂದ ಪದ್ಧತಿ. 1878ರ ಸಾರ್ವಜನಿಕ ಆರೋಗ್ಯದ ಕಾನೂನು ಆದಮ್ಯಾಲೆ ಅದೇ ಡಾಕ್ಟರೇ ಆ ಭಾಗದ ಆರೋಗ್ಯಾಧಿಕಾರಿನೂ ಹೌದು, ಭಾವಿ ನೀರು ಹೊಲಸೈತಿ ಅಂತ ವರದಿ ಬರಿಯಾಂವನೂ ಅಂವನ. "ಸರ್ಕಾರಿ ಡಾಕ್ಟರ್" ಅನ್ನಬ್ಯಾಡ್ರಿ, "ದವಾಖಾನಿ ಡಾಕ್ಟರ್" ಅನ್ರಿ.

---

ಪರಕೀಯ ಪದಗಳಿಗೆ ಹೀಗೆ ಬಾಗಿಲು ತೆಗೆದಿಟ್ರೆ ಮುಂದಿನ ಪೀಳಿಗೆಗೆ ಕನ್ನಡ ಅಂತ ಏನುಳಿಯುತ್ತೆ? ಕಾಪಿಗರ ಕೂಟಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

---

ಉತ್ತರ ಇದೆ. 1898ರ ಸ್ಥಳೀಯ ಆಡಳಿತದ ಕಾನೂನಾದ ಮೇಲೆ ಹಳ್ಳಿ ಕಡೆ ರೂರಲ್ ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ ಗೆದ್ದೋರೇ ಗಾರ್ಡಿಯನ್ಸ್. ಚರಂಡಿ ವಿಷ್ಯಕ್ಕೆ ಒಂದು ಸಭೆ, ಬಡವರ ವಿಷ್ಯಕ್ಕೆ ಇನ್ನೊಂದು, ಮುಖ ಮಾತ್ರ ಅವೇ. ಎರಡಕ್ಕೂ ಕೂಟ ಅಂದ್ರೆ ಓದೋರಿಗೆ ಯಾವುದು ಅಂತ ಗೊತ್ತಾಗಲ್ಲ. "ಪಾಲಕ ಮಂಡಳಿ" ಸಾಕು.

---

ಎಲ್ರಿಗೂ ಥ್ಯಾಂಕ್ಸ್. ಬಡವರ ಮನೆ, ನೆರವಿನ ಅಧಿಕಾರಿ, ಪಾಲಕ ಮಂಡಳಿ, ಕೆಂಪು ಚೀಟಿ, ದವಾಖಾನೆ ಡಾಕ್ಟರ್ ಅಂತ ಹಾಕ್ತಿದೀನಿ. ಯೂನಿಯನ್ ಬರೋದು ಒಂದೇ ಸಲ, ಅಲ್ಲಿ "ಸುತ್ತಲಿನ ಊರುಗಳು" ಅಂತೀನಿ. 1920ರ ದಶಕದ ಅಧ್ಯಾಯದಲ್ಲಿ ಅಂಥವೇ ಕೆಲವು ಕಟ್ಟಡ "ಕೌಂಟಿ ಹೋಮ್" ಆಗ್ತವೆ, ಅದನ್ನ ಅನುವಾದ ಮಾಡದೆ ಹಾಗೇ ಬಿಡ್ತೀನಿ, ಹೆಸರು ಬದಲಾಯಿಸಿದ್ರು ಅನ್ನೋದು ಓದೋರಿಗೆ ಕಾಣ್ಬೇಕು.