1962ರ ದೇವಲಿ ಶಿಬಿರ: ಬಂಧನಕ್ಕೆ ಆಧಾರ ನಡತೆಯೋ, ವಂಶವೋ?

ಪ್ರಶ್ನೆ:
1962ರ ಚೀನಾ ಯುದ್ಧದ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದೆಲ್ಲ ಗಡಿ, ಸೇನೆ ಮತ್ತು ನೆಹರೂ, ಕೃಷ್ಣ ಮೆನನ್ ಅವರ ತೀರ್ಮಾನಗಳ ಸುತ್ತಲೇ ಇದೆ. ಅದೇ ಯುದ್ಧದ ನೆಪದಲ್ಲಿ ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿಯಲ್ಲಿ ಕೂಡಿಹಾಕಿದ್ದರೆಂಬುದು ಈಚೆಗಷ್ಟೇ ತಿಳಿಯಿತು. ಅವರಲ್ಲಿ ಅನೇಕರು ಇಲ್ಲೇ ಹುಟ್ಟಿ ಬೆಳೆದವರು. ವಿಚಾರಣೆಯಿಲ್ಲದೆ ಅವರನ್ನು ಬಂಧಿಸಲು ಯಾವ ಕಾನೂನಿತ್ತು? ಗೂಢಚಾರಿಕೆಯ ಭಯಕ್ಕೆ ನಿಜವಾಗಿಯೂ ಆಧಾರವಿತ್ತೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಕಾನೂನಿನ ಭಾಗವನ್ನು ಮಾತ್ರ ಹೇಳುತ್ತೇನೆ. ಅಕ್ಟೋಬರ್ 20ರಂದು ಯುದ್ಧ ಶುರುವಾಗಿ 26ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಭಾರತ ರಕ್ಷಣಾ ಸುಗ್ರೀವಾಜ್ಞೆಯಿಂದ ವಿಚಾರಣೆಯಿಲ್ಲದೆ ಸ್ಥಾನಬದ್ಧತೆಯಲ್ಲಿಡುವ ಅಧಿಕಾರ ಸರ್ಕಾರಕ್ಕೆ ಬಂತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಗಂಭೀರವಾದದ್ದು ವಿದೇಶೀಯರ ಕಾಯ್ದೆಯನ್ನು ಅದೇ ವರ್ಷ ವಿಸ್ತರಿಸಿದ ರೀತಿ. ಒಬ್ಬ ವ್ಯಕ್ತಿಯಾಗಲಿ, ಅವನ ತಂದೆತಾಯಿಯಲ್ಲಿ ಅಥವಾ ಅಜ್ಜ ಅಜ್ಜಿಯರಲ್ಲಿ ಯಾರೇ ಆಗಲಿ ಯಾವುದೋ ಒಂದು ಕಾಲದಲ್ಲಿ ಶತ್ರುದೇಶದ ಪ್ರಜೆಯಾಗಿದ್ದರೆ ಸಾಕು, ವಿದೇಶೀಯರ ಮೇಲಿನ ನಿರ್ಬಂಧಗಳನ್ನು ಅವನ ಮೇಲೂ ಹೇರಬಹುದಾಗಿತ್ತು. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರ ನಂತರ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಆದರೂ ಅಂಥ ಮಕ್ಕಳು ತಂದೆತಾಯಿಯೊಂದಿಗೆ ಶಿಬಿರ ಸೇರಿದರು. ದೊಡ್ಡವರಲ್ಲಿ ಕೆಲವರ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು: ಭಾರತವು 1949ರ ಕೊನೆಯಲ್ಲಿ ಬೀಜಿಂಗ್‌ನ ಹೊಸ ಕಮ್ಯುನಿಸ್ಟ್ ಸರ್ಕಾರಕ್ಕೆ ಮನ್ನಣೆ ನೀಡಿದಾಗ, ಹಳೆಯ ರಾಷ್ಟ್ರೀಯವಾದಿ ಸರ್ಕಾರದ ಪಾಸ್‌ಪೋರ್ಟ್ ಹಿಡಿದಿದ್ದವರು ಯಾವ ದೇಶಕ್ಕೂ ಸೇರದವರಾದರು.

ಉತ್ತರ 2:
ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅಂದಿನ ಸರ್ಕಾರದ ಆತಂಕವನ್ನು ಬರೀ ಕಟ್ಟುಕಥೆಯೆಂದು ತಳ್ಳಿಹಾಕಬಾರದು. ಟಿಬೆಟ್‌ಗೆ ಹೋಗುವ ವ್ಯಾಪಾರದ ಹಾದಿಯಲ್ಲಿದ್ದ ಕಾಲಿಂಪಾಂಗ್ ಗೂಢಚಾರರ ಗೂಡು ಎಂದು ನೆಹರೂ ಅವರೇ ಹೇಳಿದ್ದರು. ಕಲ್ಕತ್ತೆಯ ಚೀನೀ ಸಮುದಾಯದೊಳಗೇ ಬೀಜಿಂಗ್ ಪರ, ತೈಪೆ ಪರ (ಅಂದರೆ ತೈವಾನಿಗೆ ಹೋದ ರಾಷ್ಟ್ರೀಯವಾದಿ ಸರ್ಕಾರದ ಪರ) ಎಂಬ ಎರಡು ಬಣಗಳಿದ್ದವು. ಸೇನೆ ಹಿಮ್ಮೆಟ್ಟುತ್ತಿದ್ದ ಆ ವಾರಗಳಲ್ಲಿ ಅಸ್ಸಾಂ ಕೈತಪ್ಪಿಹೋದೀತೆಂಬ ಭಯವಿದ್ದಾಗ, ಗಡಿಯ ಹತ್ತಿರ ಇರುವವರ ಮೇಲೆ ನಿಗಾ ಇಡದ ಸರ್ಕಾರ ಯಾವುದಿದ್ದೀತು?

ಉತ್ತರ 3:
ನಿಗಾ ಇಡುವುದು ಬೇರೆ, ಹಸುಗೂಸಿನಿಂದ ಹಿಡಿದು ಮುದುಕರವರೆಗೆ ಇಡೀ ಮನೆಯವರನ್ನು ರೈಲು ಹತ್ತಿಸುವುದು ಬೇರೆ. ಬೀಜಿಂಗ್ ಪರ ಸಂಘಟಕರ ಮೇಲೆ ಅನುಮಾನವಿದ್ದರೆ ಅವರನ್ನು ಹೆಸರು ಹಿಡಿದು ವಿಚಾರಿಸಬಹುದಿತ್ತು. ಇಲ್ಲಿ ಆದದ್ದು ಇಲಿ ಬಂತೆಂದು ಮನೆಗೇ ಬೆಂಕಿ ಹಚ್ಚಿದಂಥ ಕೆಲಸ. ಅಸ್ಸಾಮಿನ ಮಾಕುಮ್ ಪಟ್ಟಣವನ್ನೇ ನೋಡಿ. ಬ್ರಿಟಿಷರು 1830ರ ದಶಕದಿಂದ ಚಹಾ ಬೆಳೆಸಲೆಂದು ಕರೆತಂದ ಚೀನೀ ಕೆಲಸಗಾರರ ವಂಶದವರು ಅಲ್ಲಿದ್ದರು. ಅವರ ಪೂರ್ವಜರು ಊರು ಬಿಟ್ಟು ಬಂದಾಗ ಇಂದಿನ ಚೀನಾ ಜನತಾ ಗಣರಾಜ್ಯ ಹುಟ್ಟಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಕಾಲವಿತ್ತು. ಎಷ್ಟೋ ಮಂದಿ ಸ್ಥಳೀಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಅಸ್ಸಾಮಿ ಮಾತಾಡುತ್ತಿದ್ದರು.

ಕೆಲವೇ ದಿನಗಳಲ್ಲಿ ಮರಳಬಹುದೆಂದು ನಂಬಿ ಕೈಗೆ ಸಿಕ್ಕಷ್ಟು ಬಟ್ಟೆ ಕಟ್ಟಿಕೊಂಡು ಹೊರಟವರು ಸುಮಾರು ಒಂದು ವಾರ ರೈಲಿನಲ್ಲಿ ಕಳೆದರು. ಬೋಗಿಯ ಮೇಲೆ ‘ಶತ್ರು ರೈಲು’ ಎಂದು ಬರೆದಿತ್ತೆಂದೂ ನಿಲ್ದಾಣಗಳಲ್ಲಿ ಜನ ಚಪ್ಪಲಿ ಎಸೆದರೆಂದೂ ಅದರಲ್ಲಿದ್ದವರು ನೆನೆಸಿಕೊಂಡಿದ್ದಾರೆ. ದೇವಲಿಯ ಆ ಶಿಬಿರವನ್ನು ಹಿಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧ ಕೈದಿಗಳಿಗಾಗಿ ಬಳಸಲಾಗಿತ್ತು. ನವೆಂಬರ್ 21ರಂದು ಚೀನಾ ಕದನವಿರಾಮ ಘೋಷಿಸಿತು, ಆದರೆ ಶಿಬಿರ ಖಾಲಿಯಾಗಲಿಲ್ಲ. 1963ರಲ್ಲಿ ಚೀನಾ ಕಳಿಸಿದ ಹಡಗುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಮದ್ರಾಸಿನಿಂದ ಹೊರಟುಹೋದರು. ಅವರಲ್ಲಿ ಅನೇಕರು ಆ ದೇಶವನ್ನು ಅದುವರೆಗೆ ಕಂಡವರೇ ಅಲ್ಲ. ಕೊನೆಯವರ ಬಿಡುಗಡೆಯಾದದ್ದು 1967ರಲ್ಲಿ. ಊರಿಗೆ ಮರಳಿದವರಿಗೆ ಮನೆ, ಅಂಗಡಿ ಹರಾಜಾಗಿದ್ದವು. ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕುವ ಕಾಟ ಬಿಡುಗಡೆಯ ನಂತರವೂ ತಪ್ಪಲಿಲ್ಲ. ಹೀಗಾಗಿ ಅನೇಕರು ಕೆನಡಾ ಸೇರಿದರು.

ಇಂಥದ್ದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1942ರಲ್ಲಿ ಅಮೆರಿಕವು ಜಪಾನೀ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಿಗೆ ತಳ್ಳಿತು. ಅವರಲ್ಲಿ ಮೂರನೇ ಎರಡರಷ್ಟು ಅಲ್ಲಿನ ನಾಗರಿಕರೇ. ಆದರೆ ಅಲ್ಲಿಯ ಸಂಸತ್ತೇ ನೇಮಿಸಿದ ಆಯೋಗವು ಇದಕ್ಕೆ ಜನಾಂಗೀಯ ಪೂರ್ವಗ್ರಹ, ಯುದ್ಧೋನ್ಮಾದ ಮತ್ತು ರಾಜಕೀಯ ನಾಯಕತ್ವದ ಸೋಲು ಕಾರಣವೆಂದು ಸ್ಪಷ್ಟವಾಗಿ ಬರೆಯಿತು. 1988ರಲ್ಲಿ ಕ್ಷಮೆಯಾಚನೆಯ ಜೊತೆಗೆ ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ನೀಡಲು ಕಾನೂನಾಯಿತು. ದೇವಲಿಯಲ್ಲಿದ್ದವರು ಕೆನಡಾದಲ್ಲಿ ಸಂಘ ಕಟ್ಟಿಕೊಂಡು ಭಾರತ ಸರ್ಕಾರದಿಂದ ಇಂಥದ್ದೇ ಒಂದು ಕ್ಷಮೆಯ ಮಾತನ್ನು ಕೇಳುತ್ತ ಬಂದಿದ್ದಾರೆ.

ಪ್ರಶ್ನೆ ಕೇಳಿದವರಿಂದ:
ಮೂವರಿಗೂ ಧನ್ಯವಾದ. ಅಜ್ಜ ಅಜ್ಜಿಯರವರೆಗೆ ಹೋಗುವ ಆ ನಿಯಮದ ಪ್ರಕಾರ, ಇಲ್ಲಿನ ಪೌರತ್ವ ಪತ್ರವಿದ್ದವರಿಗೂ ಆ ಪತ್ರ ರಕ್ಷಣೆ ಕೊಡುತ್ತಿರಲಿಲ್ಲ ಎಂದು ಅರ್ಥಮಾಡಿಕೊಳ್ಳಬಹುದೇ?

ಉತ್ತರ 1:
ಹೌದು. ವಂಶವನ್ನು ನೋಡುವ ನಿಯಮಕ್ಕೆ ಪೌರತ್ವ ಪತ್ರ ಅಡ್ಡಿಯಾಗಲಿಲ್ಲ.