ರಾತ್ರಿ 9ಕ್ಕೆ ನೆಟ್ ನಿಧಾನ: ದೂರು ಕೊಡೋ ಮುಂಚೆ ಅಳತೆ ತೆಗೀರಿ

ಕಂಪನಿ ಬೇಕಂತಲೇ ಕೆಲವು ಆ್ಯಪ್ ನಿಧಾನ ಮಾಡ್ತಿದೆಯಾ ಅನ್ನೋ ಅನುಮಾನಕ್ಕೆ, ಬಡಾವಣೆ ಗುಂಪಿನಲ್ಲಿ ಬೇರೆ ಬೇರೆ ರಸ್ತೆಯವರು ಬರೆದದ್ದು ಇದು.

2ನೇ ಅಡ್ಡರಸ್ತೆ: ಎಲ್ಲರೂ ಒಂದೇ ಥರ ಅಳೀರಿ. ವೈಫೈ ಬೇಡ, ಲ್ಯಾಪ್‌ಟಾಪ್‌ಗೆ ನೇರ ಲ್ಯಾನ್ ಕೇಬಲ್. ಬೆಳಿಗ್ಗೆ 6, ರಾತ್ರಿ 9, ಮೂರು ದಿನ. ಸ್ಪೀಡ್‌ಟೆಸ್ಟ್ ಸಾಮಾನ್ಯವಾಗಿ ಹತ್ತಿರದ ಸರ್ವರ್ ಹಿಡಿಯುತ್ತೆ, ಫಾಸ್ಟ್ ಡಾಟ್ ಕಾಮ್ ನೆಟ್‌ಫ್ಲಿಕ್ಸ್ ಸರ್ವರ್‌ಗೆ ಹೋಗುತ್ತೆ. ಎರಡೂ ಬೇಕು. ಎರಡೂ ರಾತ್ರಿ ಮಾತ್ರ ಕುಸಿದರೆ ಅದು ದಟ್ಟಣೆ. ಅದಕ್ಕೆ ನೆಟ್ ನ್ಯೂಟ್ರಾಲಿಟಿ (ಎಲ್ಲ ಸೈಟ್, ಆ್ಯಪ್‌ಗಳನ್ನೂ ಕಂಪನಿ ಒಂದೇ ಥರ ಕಾಣಬೇಕು ಅನ್ನೋ ನಿಯಮ) ಹೆಸರೆತ್ತಿದರೆ ದೂರು ನಿಲ್ಲಲ್ಲ.

4ನೇ ಅಡ್ಡರಸ್ತೆ: ಒಂದೇ ಫೈಬರ್ ಅನ್ನು ಹಲವು ಮನೆಗೆ ಹಂಚೋ ಜಿಪಾನ್ ವ್ಯವಸ್ಥೆಯ ಒಂದು ಪೋರ್ಟ್‌ಗೆ ಡೌನ್‌ಲೋಡ್ ಸುಮಾರು 2.5 ಜಿಬಿಪಿಎಸ್. ಸ್ಪ್ಲಿಟರ್ 1:32, ಅಂದರೆ ಒಂದು ಫೈಬರ್ 32 ಮನೆಗೆ ಇದ್ದು ಎಲ್ಲರೂ ಒಟ್ಟಿಗೆ ಎಳೆದರೆ ಮನೆಗೆ 78 ಎಂಬಿಪಿಎಸ್. 1:64 ಆದರೆ 39. ಒಎನ್‌ಟಿ (ಮನೆಯಲ್ಲಿರೋ ಫೈಬರ್ ಪೆಟ್ಟಿಗೆ) ಪೇಜಲ್ಲಿ ಆರ್‌ಎಕ್ಸ್ ಪವರ್, ಅಂದರೆ ಒಳಬರೋ ಬೆಳಕಿನ ಬಲ, ಸಹ ಬರೆದಿಡಿ. ಮೈನಸ್ 27 ಡಿಬಿಎಂಗಿಂತ ಕೆಳಗಿದ್ದರೆ ಫೈಬರ್ ಮಡಚಿರಬಹುದು, ಇಲ್ಲ ಕನೆಕ್ಟರ್ ಕೊಳೆಯಾಗಿರಬಹುದು. ಆ ತೊಂದರೆಗೆ ಹಗಲು ರಾತ್ರಿ ಅಂತಿಲ್ಲ.

ಪಾರ್ಕ್ ರಸ್ತೆ: ಒಂದೇ ಆ್ಯಪ್ ನಿಧಾನ ಅನ್ನೋರು ಮೊಬೈಲ್‌ನಲ್ಲಿ ವೆಹೆ ಆ್ಯಪ್ ಹಾಕಿ, ಮನೆ ವೈಫೈಗೆ ಜೋಡಿಸಿ, ರೂಟರ್ ಪಕ್ಕದಲ್ಲೇ ನಿಂತು ಓಡಿಸಿ. ಆ ಆ್ಯಪ್‌ನ ಡೇಟಾವನ್ನು ಅದು ಎರಡು ಸಲ ಹರಿಸುತ್ತೆ: ಒಮ್ಮೆ ಇದ್ದ ಹಾಗೆ, ಒಮ್ಮೆ ಗುರುತು ಸಿಗದ ಹಾಗೆ ಕಲಸಿ. ಕಲಸಿದ್ದು ಪದೇಪದೇ ವೇಗವಾಗಿ ಬಂದರೆ ಮಾತ್ರ ಅನುಮಾನಕ್ಕೆ ಬಲ. ವಿಪಿಎನ್ ಹಾಕಿದಾಗ ಸರಿಹೋಯ್ತು ಅನ್ನೋದು ಸಾಕ್ಷಿಯಲ್ಲ, ಅಲ್ಲಿ ದಾರಿಯೇ ಬದಲಾಗಿರುತ್ತೆ. ಒಂದು ವಿಡಿಯೊ ಸೇವೆ ಮಾತ್ರ ಚೆನ್ನಾಗಿ ಬಂದರೂ ತಪ್ಪು ಹಿಡಿಯೋಕಾಗಲ್ಲ. ಅದರ ಕ್ಯಾಶ್ (ವಿಡಿಯೊಗಳ ನಕಲು ಇಟ್ಟ ಸರ್ವರ್) ನೆಟ್ ಕಂಪನಿ ಒಳಗೇ ಇರಬಹುದು. ಇಂಥ ಕ್ಯಾಶ್‌ಗಳ ಜಾಲವಾದ ಸಿಡಿಎನ್ ಅನ್ನು 2018ರ ನೆಟ್ ನ್ಯೂಟ್ರಾಲಿಟಿ ನಿಯಮದಿಂದಲೇ ಹೊರಗಿಟ್ಟಿದ್ದಾರೆ.

1ನೇ ಮುಖ್ಯರಸ್ತೆ: ಹಾಗಾದ್ರೆ ‘ಈ ಆ್ಯಪ್‌ನ ಡೇಟಾ ಎಫ್‌ಯುಪಿಗೆ (ಪ್ಲಾನ್‌ನ ಡೇಟಾ ಮಿತಿಗೆ) ಲೆಕ್ಕವಿಲ್ಲ’ ಅಂತ ಪ್ಲಾನ್ ಬಂದರೆ?

ಪಾರ್ಕ್ ರಸ್ತೆ: ಅದು ಬೇರೆಯೇ ವಿಷಯ, ಮತ್ತೆ ಗಟ್ಟಿ ಕೇಸು. ಕೆಲವೇ ಸೈಟ್‌ಗಳನ್ನು ಉಚಿತ ಕೊಡ್ತಿದ್ದ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ನಿಲ್ಲಿಸಿದ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಫೆಬ್ರವರಿ 2016ರ ನಿಯಮ, ಯಾವ ವೆಬ್‌ಸೈಟ್ ನೋಡ್ತೀರಿ ಅನ್ನೋದರ ಮೇಲೆ ಡೇಟಾಗೆ ಬೇರೆ ದರ ಹಾಕಬಾರದು ಅನ್ನುತ್ತೆ. ದಂಡ ದಿನಕ್ಕೆ 50,000, ಗರಿಷ್ಠ 50 ಲಕ್ಷ ರೂಪಾಯಿ. ಕರಪತ್ರದ ಫೋಟೊ, ಬಿಲ್, ಎರಡೂ ಬೇಕು.

2ನೇ ಅಡ್ಡರಸ್ತೆ: ದೂರನ್ನು ಪ್ರತಿ ಮನೆಯವರೂ ತಮ್ಮ ಖಾತೆಯಿಂದಲೇ ಕೊಡಬೇಕು. ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಇಲ್ಲದೆ ಫೋನ್ ಇಡಬೇಡಿ, ಅದಿಲ್ಲದಿದ್ದರೆ ಮೇಲ್ಮನವಿಗೆ ಆಧಾರವೇ ಇರಲ್ಲ. ಉತ್ತರ ಸರಿಯಿಲ್ಲ ಅಂದರೆ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಶುಲ್ಕವಿಲ್ಲ, 39 ದಿನದಲ್ಲಿ ತೀರ್ಮಾನ ಆಗಬೇಕು. ಆಮೇಲೆ ದೂರಸಂಪರ್ಕ ಇಲಾಖೆಯ ಪಿಜಿ (ಸಾರ್ವಜನಿಕ ಕುಂದುಕೊರತೆ) ಪೋರ್ಟಲ್. ಟ್ರಾಯ್‌ಗೆ ಬರೆದರೆ ಕಂಪನಿಗೇ ಕಳಿಸ್ತಾರೆ, ಒಬ್ಬೊಬ್ಬರ ದೂರು ಅಲ್ಲಿ ವಿಚಾರಣೆ ಆಗಲ್ಲ.

ಹಾಳೆ ಪಿನ್ ಮಾಡಿದ್ದೀನಿ. ಮನೆ ನಂಬರ್, ಪ್ಲಾನ್, ಆರೂ ಹೊತ್ತಿನ ಎರಡೆರಡು ಅಳತೆ, ಆರ್‌ಎಕ್ಸ್ ಪವರ್, ಡಾಕೆಟ್. ಭಾನುವಾರದೊಳಗೆ ತುಂಬಿ.