ವಿಶೇಷ ಶಾಲೆ ಮುಗೀತು, ಮಗನಿಗೆ ಮುಂದೇನು?

ತುಮಕೂರಿನ ತಾಯಿ:
ಮಗನಿಗೆ 18 ತುಂಬಿತು, ಬೌದ್ಧಿಕ ಅಂಗವೈಕಲ್ಯ ಇದೆ. ಶಾಲೆಯವರು ಇನ್ನು ಕಳಿಸಬೇಡಿ ಅಂದ್ರು. ಆದ್ರೂ ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಬಾಗಿಲಲ್ಲಿ ನಿಂತಿರ್ತಾನೆ. ಕೆಲಸ ಕಲಿಸೋ ಜಾಗ ಯಾರಿಗಾದ್ರೂ ಗೊತ್ತಾ?

ವಿಶೇಷ ಶಿಕ್ಷಕಿ, ಮೈಸೂರು:
ಅಕ್ಕಾ, ಮನೇಲಿ ಸುಮ್ನೆ ಕೂರಿಸ್ಬೇಡಿ, ಕಲಿತಿದ್ದೂ ಮರೆತುಹೋಗುತ್ತೆ. ನಮ್ಮಲ್ಲಿ ಪೇಪರ್ ಕವರ್ ಮಾಡಿಸ್ತೀವಿ. ಒಬ್ಬ ಹುಡುಗನಿಗೆ ಮಡಿಸೋ ಗೆರೆ ಸಿಗ್ತಾನೇ ಇರಲಿಲ್ಲ. ಮೇಜಿನ ಮೇಲೆ ರಟ್ಟಿನ ಪಟ್ಟಿ ಅಂಟಿಸಿದ್ವಿ, ಪೇಪರ್ ಅದಕ್ಕೆ ತಾಗಿಸಿ ಮಡಿಸಿದ್ರೆ ಆಯ್ತು. ಈಗ ಅಂಟು ಹಚ್ಚೋದನ್ನ ಬೇರೆಯವರಿಗೆ ಅವನೇ ತೋರಿಸಿಕೊಡ್ತಾನೆ! ಹೀಗೆ ಕೆಲಸಾನ ತುಂಡು ತುಂಡು ಮಾಡಿ ಕಲಿಸೋ ಕೇಂದ್ರ ನೋಡಿ. ದುಡಿಸಿಕೊಂಡು ಕೂಲಿ ಕೊಡದೆ, ವರ್ಷಗಟ್ಟಲೆ ‘ತರಬೇತಿ’ ಅನ್ನೋ ಕಡೆಗೆ ಮಾತ್ರ ಖಂಡಿತ ಬೇಡ. ಗಿಡ-ಮಣ್ಣು ಇಷ್ಟ ಅಂದ್ರೆ ಬೆಂಗಳೂರಲ್ಲಿ ಅಂಗವಿಕಲರಿಗಾಗಿ ಇರೋ ಎಪಿಡಿ ಸಂಸ್ಥೆಯಲ್ಲಿ ತೋಟಗಾರಿಕೆ ತರಬೇತಿ ಇದೆ, ವಿಚಾರಿಸಿ.

ಹಾಸನದ ಅಪ್ಪ:
ಮೇಡಂ ಹೇಳಿದ್ದು ಸರಿ. ಜೊತೆಗೆ ಕಾಗದಪತ್ರಾನೂ ನೋಡ್ಕೊಳಿ ಅಮ್ಮಾ. 18 ಆದ್ಮೇಲೆ ನಾವು ತಾನಾಗೇ ಕಾನೂನು ಪ್ರಕಾರ ಪೋಷಕರಾಗಿರಲ್ಲ, ಅಂದ್ರೆ ಗಾರ್ಡಿಯನ್ ಆಗಿರಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಪೋಷಕತ್ವಕ್ಕೆ ಅರ್ಜಿ ಹಾಕಬೇಕು, ಜಿಲ್ಲಾಧಿಕಾರಿ ಅದರಲ್ಲಿರ್ತಾರೆ. ಅದೇ ನ್ಯಾಸದ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ. ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರ ಗುರುತಿನ ಚೀಟಿ ಇದ್ಯಾ?

ತುಮಕೂರಿನ ತಾಯಿ:
ಕಾರ್ಡ್ ಇದೆ ಅಣ್ಣಾ, ಪೋಷಕತ್ವದ ವಿಷಯ ಯಾರೂ ಹೇಳಿರಲಿಲ್ಲ. ನಮ್ಮದು ಹಳ್ಳಿ, ಯಾರನ್ನ ಕೇಳೋದು?

ಹಾಸನದ ಅಪ್ಪ:
ಗ್ರಾಮ ಪಂಚಾಯಿತಿಗೆ ಹೋಗಿ ವಿಆರ್‌ಡಬ್ಲ್ಯೂ ಯಾರು ಅಂತ ಕೇಳಿ, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಹತ್ತಿರದ ಡೇ ಕೇರ್ ಬಗ್ಗೆನೂ ಅವರನ್ನೇ ಕೇಳಿ. ಮಗನ್ನೂ ಕರ್ಕೊಂಡೇ ಹೋಗಿ.